ಹತ್ತು ಮಿಲಿಮೀಟರ್

ಟ್ರೆಲ್ಲೆಬೋರಿ ಬಂದರಿನ ದಾಖಲೆ ಕೋಣೆಯಲ್ಲಿ
ಮೂವತ್ತೊಂದು ವರ್ಷ ಕಾಗದಕ್ಕೆ ತೂತು ಹೊಡೆದವಳು ಗುನ್ವೋರ್.
ಸ್ವೀಡನ್ನಿನ ಹಾಳೆಗೆ ನಾಲ್ಕು ತೂತು:
ನಡುವಿನೆರಡಕ್ಕೆ ಎಪ್ಪತ್ತು ಮಿಲಿಮೀಟರ್ ಅಂತರ,
ಆಚೀಚೆ ಇಪ್ಪತ್ತೊಂದರಲ್ಲಿ ಒಂದೊಂದು ಕಾವಲು.
ಕಣ್ಣು ಮುಚ್ಚಿ ಬೆರಳಾಡಿಸಿ ಹೇಳಿಬಿಡುತ್ತಿದ್ದಳು:
ಇದು ನಮ್ಮದು, ಇದು ಹಡಗಿಳಿದು ಬಂದದ್ದು.

ಫೋಲ್ಕ್‌ಮಾರನೂ ಹಡಗಿಳಿದೇ ಬಂದವನು,
ಡೆಟ್ಮೋಲ್ಡ್ ಕಡೆಯ ಬಡಗಿ.
ಒಂದು ಟ್ರಂಕು, ಒಂದು ಡ್ರಿಲ್ಲು,
ಎರಡೇ ತೂತು ಹೊಡೆಯುವ ಕಬ್ಬಿಣದ ಪಂಚು.
ಆ ಎರಡರ ನಡುವೆ ಎಂಬತ್ತು.
"ಜಗತ್ತಿಗೆಲ್ಲ ಎಂಬತ್ತೇ" ಎಂದ.
"ಜಗತ್ತು ಬಂದು ನನ್ನ ಫೈಲಿನಲ್ಲಿ ಕೂರಲಿ, ನೋಡೋಣ" ಎಂದಳು.
ಮದುವೆಯಾದರು.

ಮದುವೆಯ ಪತ್ರಕ್ಕೆ ಇಬ್ಬರೂ ಹೊಡೆದರು.
ಅವಳ ತೂತಿಗೂ ಅವನ ತೂತಿಗೂ ಐದೇ ಮಿಲಿಮೀಟರ್,
ತೂತಿನ ಅಗಲ ಅದಕ್ಕಿಂತ ಒಂಚೂರು ಹೆಚ್ಚು,
ಒಂದನ್ನೊಂದು ಕಚ್ಚಿಕೊಂಡು
ಎರಡು ಕಡೆಯೂ ಕಡಲೆಕಾಯಿಯ ಆಕಾರ.
ಅಂಥ ಹಾಳೆ ಬೇಗ ಹರಿಯುತ್ತದೆ.
ಗುನ್ವೋರ್ ಬೆನ್ನಿಗೆ ಅಂಟುಪಟ್ಟಿ ಹಚ್ಚಿ ಇಟ್ಟಳು.

ಎಲ್ಲರ ಮನೆ ದೋಸೆಯೂ ತೂತು ಎನ್ನುವ ಮಾತು
ಆ ಊರಲ್ಲಿಲ್ಲ.
ಇದ್ದಿದ್ದರೆ ಅವಳು ಕೇಳುತ್ತಿದ್ದಳು:
ಎಷ್ಟು ದೂರಕ್ಕೊಂದು?

ಜಗಳವಿಲ್ಲದ ಲೆಕ್ಕ ಒಂದೇ ಇತ್ತು: ಮೂವತ್ತೆರಡು.
ಕಪಾಟಿನ ಎರಡೂ ಒಳಮೈಗೆ
ಮೂವತ್ತೆರಡು ಮಿಲಿಮೀಟರಿಗೊಂದರಂತೆ
ಗೋಡೆ ಹತ್ತುವ ಇರುವೆಸಾಲು.
"ಎಲ್ಲಕ್ಕೂ ಗೂಟ ಬೇಡ" ಎನ್ನುತ್ತಿದ್ದ ಮಗಳಿಗೆ,
"ಹಲಗೆಗೆ ನಾಲ್ಕು ಸಾಕು.
ಉಳಿದವು, ಮನಸ್ಸು ಬದಲಾದರೆ ಇರಲಿ ಅಂತ."
ಅನ್ನೇಲಿ ಬೆಳೆದ ಹಾಗೆ ಹಲಗೆ ಒಂದೊಂದೇ ತೂತು ಮೇಲೇರಿತು.
ಬೊಂಬೆ, ಅಟ್ಲಾಸು, ಆಮೇಲೆ ಬೆಸುಗೆಯ ಕಡ್ಡಿ.
ಮನಸ್ಸು ಬದಲಾದದ್ದು ಅವನದೇ.
ಡ್ರಿಲ್ಲು ಒಯ್ದ. ಪಂಚು ಬಿಟ್ಟುಹೋದ.

ಈಗ ಅನ್ನೇಲಿ ಹಳೆಯ ರೇಡಿಯೋ ರಿಪೇರಿ ಮಾಡುತ್ತಾಳೆ.
ಅವಳ ಹಸಿರು ಹಲಗೆಯಲ್ಲಿ ತೂತಿಗೂ ತೂತಿಗೂ ಎರಡೂವರೆ ಮಿಲಿಮೀಟರ್.
ಅಲ್ಲ, ಎರಡು ಪಾಯಿಂಟ್ ಐದು ನಾಲ್ಕು,
ಅಂಗುಲದ ಹತ್ತನೇ ಪಾಲು.
ಕೂದಲಿಗಿಂತ ತೆಳು ಈ ವ್ಯತ್ಯಾಸ.
ಎರಡೂವರೆಯ ಕನೆಕ್ಟರನ್ನು ಅದರ ಮೇಲಿಟ್ಟು ಒತ್ತಿದರೆ
ಮೊದಲ ಕಾಲು ಇಳಿಯುತ್ತದೆ, ಎರಡನೆಯದು, ಐದನೆಯದು,
ಇಪ್ಪತ್ತನೆಯದು ದಂಡೆಯ ಮೇಲೆ ಸೆಟೆದು ನಿಲ್ಲುತ್ತದೆ.
ಯಾವ ಕಾಲಿನಲ್ಲಿ ತಪ್ಪಿತೆಂದು
ಭೂತಗನ್ನಡಿ ಹಿಡಿದರೂ ಕಾಣದು.
ಅಪ್ಪ ಅಮ್ಮನ ವಿಷಯ ಯಾರಾದರೂ ಕೇಳಿದರೆ
ಅವಳು ಕನೆಕ್ಟರಿನ ವಿಷಯ ಹೇಳುತ್ತಾಳೆ.

ಮೊನ್ನೆ ಜನನಪತ್ರ ಹುಡುಕಲು ಬಂದಳು.
ಫೈಲಿನಲ್ಲಿ ಇಸವಿ ಓದಬೇಕಿಲ್ಲ:
ಒಂದು ಸೆಪ್ಟೆಂಬರಿನ ತನಕ ಕಡಲೆಕಾಯಿ,
ಆಮೇಲೆ ಶುದ್ಧ, ದುಂಡಗೆ, ನಾಲ್ಕು.

ಕಪಾಟಿನ ತಳದಲ್ಲಿ ಆ ಕಬ್ಬಿಣದ ಪಂಚು.
ಸುಮ್ಮನೆ ಅದರ ಹೊಟ್ಟೆ ಬಿಚ್ಚಿದಳು.
ಕಂದು ತಿರುಗಿದ ಚೂರುಗಳು ಇರಬೇಕಿತ್ತು, ಇದ್ದವು.
ಮೇಲೆ ಮಾತ್ರ ಹೊಸವು:
ಬಿಳಿ, ತಿಳಿಹಳದಿ,
ಕಳೆದ ತಿಂಗಳ ಕರೆಂಟು ಬಿಲ್ಲಿನ ಹಸಿರು.
ಆ ಬಿಲ್ಲು ಮೇಜಿನ ಮೇಲೇ ಇತ್ತು;
ಅಂಚಿನಲ್ಲಿ, ಯಾವ ಫೈಲಿಗೂ ಹೋಗದ ಎರಡು ತೂತು.

"ತುಕ್ಕು ಹಿಡಿದೀತು ಅಂತ ಆಗಾಗ ಒತ್ತುತ್ತೇನೆ"
ಎಂದಳು ಗುನ್ವೋರ್,
ಇನ್ನೂ ಸದ್ದು ಮಾಡದ ಕೆಟಲಿನ ಕಡೆ ನಡೆಯುತ್ತ.

ಅನ್ನೇಲಿ ಮುಚ್ಚಳ ಒತ್ತಿ ಕೂರಿಸಿದಳು.
ಒಂದು ಹಸಿರು ಚುಕ್ಕೆ
ಅವಳ ಹೆಬ್ಬೆರಳಿಗಂಟಿಕೊಂಡು
ಬಸ್ ನಿಲ್ದಾಣದವರೆಗೂ ಬಂತು.